ಸೆಕ್ಯುರಿಟಿ ಟ್ರೈನಿಂಗ್ ಮುಗಿದ ಮೇಲೆ ಗೇಟಲ್ಲಿ ಉಳಿಯೋದೇನು? ರಿಜಿಸ್ಟರ್ ಓದೋದ್ರಿಂದ ಶುರು ಮಾಡೋಣ

ಗೇಟ್_ನಂಬರ್_ಮೂರು

ಎಲ್ಲರಿಗೂ ನಮಸ್ಕಾರ. ಎಂಟು ವರ್ಷ ಗೇಟು, ಆಮೇಲೆ ಕಂಟ್ರೋಲ್ ರೂಮು, ಆಮೇಲೆ ಸೂಪರ್‌ವೈಸರ್, ಈಗ ಆರು ವರ್ಷದಿಂದ ಹೊಸಬರಿಗೆ ಟ್ರೈನಿಂಗ್ ಕೊಡೋ ಕೆಲಸ ನಂದು. ತುಂಬಾ ದಿನದಿಂದ ಮನಸ್ಸಲ್ಲಿ ಕೊರೀತಿರೋ ವಿಷಯ, ಇವತ್ತು ಬರೀತಾ ಇದೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ಮ ಟ್ರೈನಿಂಗ್ ಹೇಗೆ ನಡಿಯುತ್ತೆ ಅಂದ್ರೆ ಒಂದು ಹಾಲ್, ಒಂದು ಪ್ರೊಜೆಕ್ಟರ್, ಅರವತ್ತು ಸ್ಲೈಡ್, ರಾತ್ರಿಪಾಳಿ ಮುಗಿಸ್ಕೊಂಡು ಬಂದವರು ಹಿಂದಿನ ಸಾಲಲ್ಲಿ ತೂಕಡಿಸ್ತಾ ಇರ್ತಾರೆ, ಕೊನೆಗೆ ಹಾಜರಿ ಹಾಳೆಗೆ ಸಹಿ, ಒಂದು ಫೋಟೋ, ಸರ್ಟಿಫಿಕೇಟ್. ಫೀಡ್‌ಬ್ಯಾಕ್ ಫಾರಂನಲ್ಲಿ ಎಲ್ಲರೂ "ತುಂಬಾ ಚೆನ್ನಾಗಿತ್ತು" ಅಂತಾನೇ ಬರೀತಾರೆ. ಟ್ರೈನಿಂಗನ್ನ ನಾಲ್ಕು ಹಂತದಲ್ಲಿ ಅಳೀಬೇಕು ಅಂತ ಕರ್ಕ್‌ಪ್ಯಾಟ್ರಿಕ್ ಅನ್ನೋರು 1959ರಲ್ಲೇ ಬರೆದಿದ್ರು: ಇಷ್ಟ ಆಯ್ತಾ, ಕಲಿತ್ರಾ, ಕೆಲಸದಲ್ಲಿ ನಡವಳಿಕೆ ಬದಲಾಯ್ತಾ, ಅದರಿಂದ ಫಲ ಸಿಕ್ತಾ. ನಾವು ಮೊದಲನೇ ಮೆಟ್ಟಲಲ್ಲೇ ಕೂತಿದೀವಿ.

ಹೋದ ವರ್ಷ ನಾನೊಂದು ಕೆಲಸ ಮಾಡಿದೆ. ಒಂದು ಸೈಟಿನ ಘಟನೆ ರಿಜಿಸ್ಟರ್, ಇಡೀ ವರ್ಷದ್ದು, ಮನೆಗೆ ತಂದು ಮೂರು ರಾತ್ರಿ ಕೂತು ಓದಿದೆ. ಕಳವು, ಜಗಳ, ಯಾರೋ ನುಗ್ಗಿದ್ದು, ಒಂದೊಂದನ್ನೂ ಬಿಳಿ ಹಾಳೆ ಮೇಲೆ ಬಿಲ್ಡಿಂಗ್ ನಕ್ಷೆ ಬರ್ಕೊಂಡು ಚುಕ್ಕೆ ಇಡ್ತಾ ಹೋದೆ, ಪಕ್ಕದಲ್ಲಿ ಟೈಮ್. ಅರ್ಧಕ್ಕೆ ಹತ್ತಿರ ಚುಕ್ಕೆ ಹಿಂದಿನ ಮೆಟ್ಟಿಲ ಬುಡದಲ್ಲಿ ಬಂದು ಬಿದ್ವು. ಅದರಲ್ಲೂ ಸಂಜೆ ಏಳೂ ಮುಕ್ಕಾಲರಿಂದ ಎಂಟೂಕಾಲು. ಯಾಕೆ ಗೊತ್ತಾ, ಅದು ಪಾಳಿ ಬದಲಾಗೋ ಹೊತ್ತು. ಹೋಗೋರೂ ಬರೋರೂ ಎಲ್ಲಾ ಮುಂದಿನ ಗೇಟಲ್ಲಿ ರಿಜಿಸ್ಟರಿಗೆ ಸಹಿ ಹಾಕ್ತಾ ನಿಂತಿರ್ತಾರೆ, ಹಿಂದೆ ನರಪಿಳ್ಳೆ ಇರಲ್ಲ. ಆ ಅರ್ಧ ಗಂಟೆ ನಮಗೆ ಬಿಟ್ಟು ಊರಿಗೆಲ್ಲಾ ಗೊತ್ತಿತ್ತು.

ಪಾಳಿ ಬದಲಾವಣೆನ ಎರಡು ತಂಡ ಮಾಡಿ ಇಪ್ಪತ್ತು ನಿಮಿಷ ಹಿಂದೆ ಮುಂದೆ ಮಾಡಿದ್ವಿ, ಮೆಟ್ಟಿಲ ಬುಡಕ್ಕೆ ಒಂದು ಲೈಟ್ ಹಾಕಿಸಿದ್ವಿ. ಆಮೇಲಿನ ತಿಂಗಳುಗಳಲ್ಲಿ ಆ ಜಾಗದಿಂದ ಬರೋ ಎಂಟ್ರಿ ಒಂದೋ ಎರಡೋ. ಇದು ಯಾವ ಸ್ಲೈಡಲ್ಲೂ ಇರಲಿಲ್ಲ. ನಮ್ಮ ಹುಡುಗರು ಬರೆದಿದ್ದೇ, ಯಾರೂ ಓದಿರಲಿಲ್ಲ ಅಷ್ಟೇ. ಅದಕ್ಕೇ ಕೇಳ್ತೀನಿ, ಟ್ರೈನಿಂಗ್ ರಿಜಿಸ್ಟರಿಂದ ಶುರು ಆಗಬೇಕಾ ಸ್ಲೈಡಿಂದನಾ? ನಿಮ್ಮ ಅನುಭವ ಹೇಳಿ.

ಅಂಕಿಅಂಶ_ಓದುಗಿ

ಸರ್, ನಾನು ಅಪರಾಧ ತಡೆ ಬಗ್ಗೆ ಸಂಶೋಧನೆ ಮಾಡ್ತಿರೋಳು. ನೀವು ಬಿಳಿ ಹಾಳೆ ಮೇಲೆ ಮಾಡಿದ್ದೇ ಈ ಕ್ಷೇತ್ರದ ಅತಿ ಗಟ್ಟಿಯಾದ ಫಲಿತಾಂಶ. 1989ರಲ್ಲಿ ಷರ್ಮನ್ ಮತ್ತು ಜೊತೆಗಾರರು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರಿಗೆ ಬಂದ ಕರೆಗಳನ್ನ ವಿಳಾಸದ ಪ್ರಕಾರ ಲೆಕ್ಕ ಹಾಕಿದಾಗ ಅರ್ಧದಷ್ಟು ಕರೆ ಶೇಕಡಾ 3ರ ಆಸುಪಾಸು ವಿಳಾಸಗಳಿಂದ ಬಂದಿತ್ತು. ಆಮೇಲೆ ಬೇರೆ ಬೇರೆ ಊರುಗಳಲ್ಲಿ ನೋಡಿದಾಗಲೂ ಹೀಗೇ, ಕೆಲವೇ ಬೀದಿ ತುಂಡು, ಕೆಲವೇ ಮೂಲೆ.

ಅದಕ್ಕೂ ಮುಂಚೆ 1972-73ರಲ್ಲಿ ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಪೊಲೀಸ್ ಗಸ್ತಿನ ಮೇಲೆ ಒಂದು ಪ್ರಯೋಗ ಆಗಿತ್ತು. 15 ಬೀಟ್‌ಗಳನ್ನ, ಅಂದ್ರೆ ಗಸ್ತಿನ ಪ್ರದೇಶಗಳನ್ನ, ಮೂರು ಗುಂಪು ಮಾಡಿದ್ರು. ಒಂದರಲ್ಲಿ ಗಸ್ತು ಕಾರು ಸುಮ್ನೆ ಸುತ್ತೋದೇ ನಿಲ್ಲಿಸಿದ್ರು, ಕರೆ ಬಂದ್ರೆ ಮಾತ್ರ ಹೋಗೋದು. ಇನ್ನೊಂದರಲ್ಲಿ ಗಸ್ತು ಎರಡು ಮೂರು ಪಟ್ಟು ಜಾಸ್ತಿ. ಮೂರನೇದರಲ್ಲಿ ಇದ್ದ ಹಾಗೇ. ಅಪರಾಧದಲ್ಲೂ ಜನರ ಭಯದಲ್ಲೂ ಹೇಳಿಕೊಳ್ಳೋ ವ್ಯತ್ಯಾಸನೇ ಬರಲಿಲ್ಲ, ಜನಕ್ಕೆ ಬದಲಾವಣೆ ಆಗಿರೋದೇ ಗೊತ್ತಾಗಲಿಲ್ಲ. ಅಂದ್ರೆ ಗುರಿ ಇಲ್ಲದೆ ಸುತ್ತೋ ರೌಂಡ್ಸಿಂದ ಲಾಭ ಕಮ್ಮಿ. ಅದೇ ಗಸ್ತನ್ನ ಚುಕ್ಕೆ ಬಿದ್ದ ಜಾಗಕ್ಕೆ ಹಾಕಿದ್ರೆ ಕೆಲಸ ಮಾಡುತ್ತೆ. ಕೋಪರ್ ಅನ್ನೋರು 1995ರಲ್ಲಿ ತೋರಿಸಿದ ಪ್ರಕಾರ ಅಂಥ ಜಾಗದಲ್ಲಿ 10ರಿಂದ 15 ನಿಮಿಷ ನಿಂತು ಹೋದ್ರೆ ಅದರ ಪರಿಣಾಮ ನೀವು ಹೋದಮೇಲೂ ಸ್ವಲ್ಪ ಹೊತ್ತು ಉಳಿಯುತ್ತೆ, ಅದಕ್ಕಿಂತ ಜಾಸ್ತಿ ನಿಂತ್ರೆ ಹೆಚ್ಚಿನ ಪ್ರಯೋಜನ ಇಲ್ಲ. ಗಾರ್ಡ್‌ಗಳಿಗೆ ಇದನ್ನ ಹೇಳಿಕೊಡೋಕೆ ಐದು ನಿಮಿಷ ಸಾಕು.

ರಾತ್ರಿಪಾಳಿ

ಮೇಡಂ ಹೇಳಿದ್ದು ಸರಿ ಆದ್ರೆ ನಮ್ಮ ಕಷ್ಟ ಸ್ವಲ್ಪ ಕೇಳಿ. ನಂಗೆ ರೌಂಡ್ಸಲ್ಲಿ ಹದಿನೆಂಟು ಪಾಯಿಂಟ್ ಇದೆ, ಪ್ರತಿ ಪಾಯಿಂಟಲ್ಲೂ ಮೊಬೈಲಲ್ಲಿ ಸ್ಕ್ಯಾನ್ ಮಾಡಬೇಕು, ನಲವತ್ತು ನಿಮಿಷದಲ್ಲಿ ಮುಗೀಬೇಕು, ಲೇಟಾದ್ರೆ ಮೇಲೆ ಕೆಂಪು ತೋರಿಸುತ್ತೆ. ಹಾಗಾಗಿ ನನ್ನ ಕಣ್ಣು ಕತ್ತಲ ಮೇಲೆ ಇರಲ್ಲ, ಮೊಬೈಲ್ ಮೇಲೆ ಇರುತ್ತೆ. ಯಾವುದೋ ಮೂಲೆಯಲ್ಲಿ ಏನೋ ಸರಿ ಇಲ್ಲ ಅನ್ಸಿದ್ರೂ ನಿಲ್ಲೋ ಹಾಗಿಲ್ಲ, ಹತ್ತು ನಿಮಿಷ ನಿಂತ್ರೆ ಮುಂದಿನ ಎಂಟು ಪಾಯಿಂಟ್ ಕೆಂಪು.

ಇನ್ನು ರಿಜಿಸ್ಟರ್. ಸರ್ ಬೇಜಾರು ಮಾಡ್ಕೋಬೇಡಿ, ನಿಜ ಹೇಳ್ತೀನಿ, ನಾನು ದಿನಾ ಬರೆಯೋದು "ಎಲ್ಲಾ ಸರಿ ಇದೆ" ಅಂತ. ಒಂದ್ಸಲ ಹಿಂದಿನ ಕಾಂಪೌಂಡಲ್ಲಿ ಯಾರೋ ಹತ್ತಿದ ಗುರುತು ಇತ್ತು, ಮಣ್ಣಲ್ಲಿ ಹೆಜ್ಜೆ, ಗೋಡೆ ಮೇಲೆ ಸುಣ್ಣ ಉಜ್ಜಿ ಹೋಗಿತ್ತು. ಬರೆದೆ. ಮರುದಿನ ಕರೆಸಿ ಕೇಳಿದ್ದು ನೀನು ಆವಾಗ ಎಲ್ಲಿದ್ದೆ, ಮಲಗಿದ್ಯಾ ಅಂತ. ಲಿಖಿತ ಉತ್ತರ ಕೊಡು ಅಂದ್ರು. ಆಮೇಲಿಂದ ನಾನು ಬರೆಯಲ್ಲ. ನನ್ನ ಜೊತೆಯವರೂ ಬರೆಯಲ್ಲ. ನೀವು ಓದಿದ ರಿಜಿಸ್ಟರಲ್ಲಿ ಇರೋದು ಮುಚ್ಚಿಡೋಕೆ ಆಗದೇ ಇದ್ದಿದ್ದು ಮಾತ್ರ.

ಗೇಟ್_ನಂಬರ್_ಮೂರು

ತಮ್ಮಾ, ಬೇಜಾರು ಏನಿಲ್ಲ, ನೀನು ಹೇಳಿದ್ದು ನನ್ನ ಪೋಸ್ಟಿಗಿಂತ ದೊಡ್ಡ ಮಾತು. ಎರಡು ದಿನ ಉತ್ತರ ಬರೆಯೋಕೆ ಆಗಲಿಲ್ಲ, ಯಾಕಂದ್ರೆ ನಾನೂ ಸೂಪರ್‌ವೈಸರ್ ಆಗಿದ್ದಾಗ ಹೀಗೇ ಕೇಳಿದೀನಿ. "ಆವಾಗ ಎಲ್ಲಿದ್ದೆ" ಅನ್ನೋದು ನನ್ನ ಬಾಯಲ್ಲಿ ಮೊದಲು ಬರ್ತಿದ್ದ ಮಾತು.

ವಿಮಾನದವರು ಇದಕ್ಕೊಂದು ದಾರಿ ಹುಡುಕಿದಾರೆ. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸೋ ಒಂದು ವ್ಯವಸ್ಥೆ ಇದೆ, ಪೈಲಟ್ಟೋ ಇನ್ಯಾರೋ ತಪ್ಪು ಆಯ್ತು ಅಥವಾ ತಪ್ಪು ಆಗೋದ್ರಲ್ಲಿತ್ತು ಅಂತ ಬರೆದು ಕಳಿಸಬಹುದು, ಹೆಸರು ತೆಗೆದು ಹಾಕಿ ವಿಷಯ ಮಾತ್ರ ಇಟ್ಕೊಳ್ತಾರೆ. ದಂಡ ಹಾಕೋ ಇಲಾಖೆ ಬೇರೆ, ಓದೋ ಸಂಸ್ಥೆ ಬೇರೆ. ಅದೇ ಮುಖ್ಯ. ನಾನು ಈಗ ನಮ್ಮಲ್ಲಿ ಒಂದು ಬೇರೆ ಪುಸ್ತಕ ಇಡಿಸೋಕೆ ಕೇಳ್ತಾ ಇದೀನಿ, "ಸ್ವಲ್ಪದರಲ್ಲಿ ತಪ್ಪಿದ್ದು" ಅಂತ ಹೆಸರು, ಅದರಲ್ಲಿ ಜಾಗ, ಹೊತ್ತು, ಏನು ಕಂಡಿತು, ಅಷ್ಟೇ. ಬರೆದವರ ಹೆಸರಿನ ಕಾಲಂ ಇಲ್ಲ. ಇನ್ನೂ ಒಪ್ಪಿಲ್ಲ, ಬಿಡಲ್ಲ ನಾನು.

ಹಳೇ_ಲಾಠಿ

ನಾನು ನಿವೃತ್ತ ಪೊಲೀಸ್, ಕೊನೆ ಕೆಲ ವರ್ಷ ತರಬೇತಿ ಶಾಲೆಯಲ್ಲಿದ್ದೆ. ನೇರ ಹೇಳ್ತೀನಿ, ಈ ಶೇಕಡಾ ಇಷ್ಟು ಶೇಕಡಾ ಅಷ್ಟು ಅನ್ನೋದ್ರಲ್ಲಿ ನಂಗೆ ನಂಬಿಕೆ ಕಮ್ಮಿ. ಅನುಭವಕ್ಕಿಂತ ದೊಡ್ಡ ಸಂಶೋಧನೆ ಇಲ್ಲ. ದಾರಿ ತಪ್ಪೋ ಹುಡುಗರನ್ನ ನಾವು ಜೈಲು ತೋರಿಸೋಕೆ ಕರ್ಕೊಂಡು ಹೋಗ್ತಿದ್ವಿ. ಒಳಗಿನ ಬಾಗಿಲು ಹಾಕಿದ ಸದ್ದಿಗೆ ಅವರ ಮುಖ ಬಿಳಿಚಿಕೊಳ್ತಿತ್ತು, ಕೈದಿಗಳೇ ಅವರಿಗೆ ಬುದ್ಧಿ ಹೇಳೋರು, ಎಷ್ಟೋ ಹುಡುಗರು ಅಳ್ತಾ ಹೊರಗೆ ಬಂದಿದಾರೆ. ಅವತ್ತು ನನ್ನ ಕಣ್ಣಾರೆ ಕಂಡ ಬದಲಾವಣೆನ ಯಾವ ಅಂಕಿಅಂಶ ಸುಳ್ಳು ಮಾಡುತ್ತೆ ಹೇಳಿ.

ಅಂಕಿಅಂಶ_ಓದುಗಿ

ಸರ್, ನಿಮ್ಮ ಉದ್ದೇಶದ ಬಗ್ಗೆ ನಂಗೆ ಒಂದು ಚೂರೂ ಅನುಮಾನ ಇಲ್ಲ. ಆದ್ರೆ ಇದೇ ಕಾರ್ಯಕ್ರಮವನ್ನ ತುಂಬಾ ಸಲ ಪರೀಕ್ಷೆ ಮಾಡಿದಾರೆ, ಅದೂ ಚೀಟಿ ಎತ್ತಿದ ಹಾಗೆ ಹುಡುಗರನ್ನ ಎರಡು ಗುಂಪು ಮಾಡಿ, ಒಂದು ಗುಂಪನ್ನ ಜೈಲಿಗೆ ಕರ್ಕೊಂಡು ಹೋಗಿ, ಇನ್ನೊಂದನ್ನ ಸುಮ್ನೆ ಬಿಟ್ಟು. ಪೆಟ್ರೊಸಿನೊ ಮತ್ತು ಜೊತೆಗಾರರು ಆ ಪ್ರಯೋಗಗಳನ್ನೆಲ್ಲಾ ಒಟ್ಟಿಗೆ ಇಟ್ಟು ನೋಡಿದಾಗ ಜೈಲು ನೋಡಿ ಬಂದ ಹುಡುಗರೇ ಮುಂದೆ ಹೆಚ್ಚು ಅಪರಾಧ ಮಾಡಿದ್ರು. ಏನೂ ಮಾಡದೆ ಬಿಟ್ಟಿದ್ರೇ ಅವರಿಗೆ ಒಳ್ಳೇದಿತ್ತು.

ಇದಕ್ಕಿಂತ ಮನಸ್ಸಿಗೆ ತಟ್ಟೋದು ಇನ್ನೊಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ 506 ಹುಡುಗರ ಜೊತೆ ಒಂದು ಕಾರ್ಯಕ್ರಮ ಶುರು ಆಯ್ತು. ಅರ್ಧ ಜನಕ್ಕೆ ಸಲಹೆಗಾರರು, ಪಾಠದ ಸಹಾಯ, ಬೇಸಿಗೆ ಶಿಬಿರ, ವೈದ್ಯರು, ಎಲ್ಲಾ ಪ್ರೀತಿಯಿಂದಲೇ. ಮೂವತ್ತು ವರ್ಷ ಆದ್ಮೇಲೆ ಜೋನ್ ಮೆಕಾರ್ಡ್ ಅನ್ನೋ ಸಂಶೋಧಕಿ ಆ ಹುಡುಗರಲ್ಲಿ ಹೆಚ್ಚಿನವರನ್ನ ಹುಡುಕಿ ವಿಚಾರಿಸಿದ್ರು, 1978ರಲ್ಲಿ ಬರೆದ್ರು. ಸಹಾಯ ಪಡೆದವರಲ್ಲಿ ತುಂಬಾ ಜನ ಅದು ನಮಗೆ ಒಳ್ಳೇದು ಮಾಡ್ತು ಅಂತಾನೇ ಹೇಳಿದ್ರು. ಆದ್ರೆ ದಾಖಲೆ ನೋಡಿದ್ರೆ ಕುಡಿತ, ಮಾನಸಿಕ ಕಾಯಿಲೆ, ಬೇಗ ಸಾವು, ಇಂಥ ಹಲವು ವಿಷಯದಲ್ಲಿ ಅವರ ಸ್ಥಿತಿ ಸಹಾಯ ಸಿಗದವರಿಗಿಂತ ಕೆಟ್ಟದಾಗಿತ್ತು. ಹೋಲಿಸಿ ನೋಡೋಕೆ ಇನ್ನೊಂದು ಗುಂಪು ಇಲ್ಲದೇ ಇದ್ದಿದ್ರೆ ಎಲ್ಲರೂ ಅದನ್ನ ಯಶಸ್ಸು ಅಂತ ಬರೆದು ಮುಚ್ಚಿಬಿಡ್ತಿದ್ರು. ಅವತ್ತು ಹುಡುಗ ಅತ್ತಿದ್ದು ನಿಜ ಸರ್. ಆರು ತಿಂಗಳು ಬಿಟ್ಟು ಅವನು ಏನು ಮಾಡ್ತಿದ್ದ ಅಂತ ನಾವು ನೋಡಲ್ಲ, ತೊಂದರೆ ಇರೋದು ಅಲ್ಲಿ.

ಹಳೇ_ಲಾಠಿ

ರಾತ್ರಿ ಎಲ್ಲಾ ಇದೇ ಯೋಚನೆ ಆಯ್ತಮ್ಮಾ. ಆ ಹುಡುಗರಲ್ಲಿ ಇಬ್ಬರು ಮುಂದೆ ನನ್ನ ಮುಂದೇನೇ ಕೇಸಲ್ಲಿ ಬಂದಿದ್ರು. ಅವರು ಕೆಟ್ಟವರು, ತಿದ್ದೋಕೆ ಆಗಲ್ಲ ಅಂತ ನಾನು ಅಂದ್ಕೊಂಡೆ. ನಾವು ಕರ್ಕೊಂಡು ಹೋಗಿದ್ದೇ ಅವರಿಗೆ ಏನೋ ಮಾಡಿರಬಹುದು ಅಂತ ಒಂದು ದಿನವೂ ಹೊಳೀಲಿಲ್ಲ. ಅಳೆದು ನೋಡಬೇಕು, ಒಪ್ಪಿದೆ. ಆದ್ರೆ ಅಳೆಯೋರು ಪಾಳಿಯಲ್ಲಿ ನಿಂತವರ ಪಕ್ಕದಲ್ಲಿ ನಿಂತು ಅಳೀಬೇಕು, ವರದಿ ಬರೆದು ಹೊರಟು ಹೋಗಬಾರದು, ಈ ಮಾತು ಮಾತ್ರ ನಾನು ಬಿಡಲ್ಲ.

ವಾರ್ಡ್_ಬಾಗಿಲು

ಹಳೇ ಲಾಠಿ ಸರ್ ಕೊನೆ ಮಾತಿಗೆ ನನ್ನ ಪೂರ್ತಿ ಬೆಂಬಲ. ನಾನು ಆಸ್ಪತ್ರೆ ಸೆಕ್ಯುರಿಟಿಯಲ್ಲಿರೋ ಹೆಂಗಸು, ಐಸಿಯು ಬಾಗಿಲಲ್ಲಿ ಡ್ಯೂಟಿ. ನಂಗೆ ಕೊಟ್ಟ ಟ್ರೈನಿಂಗಲ್ಲಿ ಕೈ ಹೇಗೆ ತಿರುಚಬೇಕು, ಹೇಗೆ ಹಿಡೀಬೇಕು ಅಂತ ಎರಡು ದಿನ, ಮಾತಾಡೋದು ಹೇಗೆ ಅಂತ ಅರ್ಧ ಗಂಟೆ. ನನ್ನ ಕೆಲಸದಲ್ಲಿ ದಿನಾ ಬೇಕಾಗೋದು ಮಾತು.

ಒಂದು ರಾತ್ರಿ ಒಬ್ಬ ಹುಡುಗ ಬಾಗಿಲು ಗುದ್ದುತಾ ಕಿರುಚಾಡ್ತಿದ್ದ, ಅವನ ತಂದೆ ಒಳಗೆ. ಮೊದಲಿನ ನಾನಾಗಿದ್ರೆ ಅಡ್ಡ ನಿಂತು "ರೂಲ್ಸ್ ಇದೆ, ಹಿಂದೆ ಹೋಗಿ" ಅಂತಿದ್ದೆ. ಅವತ್ತು ಪಕ್ಕದ ಬೆಂಚಲ್ಲಿ ಕೂತ್ಕೊಂಡೆ, ನಿಂತಲ್ಲ, ಕೂತು. ಅಪ್ಪಾಜಿ ಹೆಸರೇನಪ್ಪಾ ಅಂತ ಕೇಳಿದೆ. ಹೆಸರು ಹೇಳೋಕೆ ಅವನು ಕಿರುಚೋದು ನಿಲ್ಲಿಸಬೇಕಾಯ್ತು. ಆಮೇಲೆ ಒಳಗೆ ಹೋಗಿ ಕೇಳ್ಕೊಂಡು ಬಂದು ಹೇಳ್ತೀನಿ, ಹತ್ತು ನಿಮಿಷ ಆಗುತ್ತೆ ಅಂದೆ, ಹತ್ತೇ ನಿಮಿಷಕ್ಕೆ ಬಂದು ಹೇಳಿದೆ. ಒಳ್ಳೇ ಸುದ್ದಿ ಏನೂ ಇರಲಿಲ್ಲ, ಆದ್ರೂ ಅವನು ಬೆಳಗಿನ ತನಕ ಅದೇ ಬೆಂಚಲ್ಲಿ ಸುಮ್ನೆ ಕೂತಿದ್ದ. ಇದನ್ನ ಯಾರೂ ರಿಜಿಸ್ಟರಲ್ಲಿ ಬರೆಯಲ್ಲ, ಏನೂ ಆಗಲಿಲ್ಲವಲ್ಲ.

ಅಂಕಿಅಂಶ_ಓದುಗಿ

ಅಕ್ಕಾ, ನೀವು ಮಾಡಿದ್ದನ್ನ ಕಲಿಸಬಹುದು ಅಂತ ತೋರಿಸಿದಾರೆ. ಅಮೆರಿಕದ ಲೂಯಿವಿಲ್‌ನಲ್ಲಿ ಪೊಲೀಸರಿಗೆ ದೂರ ಕಾಯ್ದುಕೊಳ್ಳೋದು, ಸಮಯ ತಗೊಳ್ಳೋದು, ಮಾತಲ್ಲಿ ತಣ್ಣಗೆ ಮಾಡೋದು, ಇಂಥ ತರಬೇತಿ ಕೊಟ್ಟು ಅಳೆದಾಗ ಬಲಪ್ರಯೋಗ ಶೇಕಡಾ 28 ಇಳೀತು, ಜನಕ್ಕೆ ಆಗೋ ಗಾಯ ಶೇಕಡಾ 26, ಪೊಲೀಸರಿಗೇ ಆಗೋ ಗಾಯ ಶೇಕಡಾ 36 ಕಮ್ಮಿ. ಮೆತ್ತಗೆ ಮಾತಾಡಿದ್ರೆ ನಮ್ಮವರಿಗೇ ಏಟು ಬೀಳುತ್ತೆ ಅನ್ನೋರಿಗೆ ಆ ಕೊನೆ ಸಂಖ್ಯೆ ತೋರಿಸಿ.

ಆಸ್ಪತ್ರೆ ಅಂದಮೇಲೆ ಕಾರ್ಡಿಫ್ ವಿಷಯನೂ ಹೇಳಬೇಕು. ಬ್ರಿಟನ್‌ನ ಕಾರ್ಡಿಫ್‌ನಲ್ಲಿ ಜೊನಾಥನ್ ಶೆಫರ್ಡ್ ಅನ್ನೋ ಸರ್ಜನ್, ಮುಖದ ಗಾಯ ಹೊಲಿಯೋರು, ತಮ್ಮ ಹತ್ರ ಬರೋ ಏಟು ತಿಂದವರಲ್ಲಿ ತುಂಬಾ ಜನ ಪೊಲೀಸರ ಲೆಕ್ಕದಲ್ಲೇ ಇಲ್ಲ ಅಂತ ಗಮನಿಸಿದ್ರು. ತುರ್ತು ಚಿಕಿತ್ಸೆ ಕೌಂಟರಲ್ಲಿ ಎಲ್ಲಿ ಆಯ್ತು, ಯಾವಾಗ, ಯಾವುದರಿಂದ ಹೊಡೆದ್ರು ಅಂತ ಬರ್ಕೊಂಡು, ಹೆಸರು ತೆಗೆದು, ಪೊಲೀಸರಿಗೂ ನಗರಾಡಳಿತಕ್ಕೂ ಕೊಡೋಕೆ ಶುರು ಮಾಡಿದ್ರು. 2011ರಲ್ಲಿ ಬಂದ ಅಧ್ಯಯನದ ಪ್ರಕಾರ ಅಂಥದ್ದೇ ಬೇರೆ ಊರುಗಳಿಗೆ ಹೋಲಿಸಿದ್ರೆ ಹಲ್ಲೆಯಿಂದ ಆಸ್ಪತ್ರೆಗೆ ದಾಖಲಾಗೋರು ಶೇಕಡಾ 42 ಕಮ್ಮಿ ಆದ್ರು. ಮೂಲದಲ್ಲಿ ಅದೂ ಒಂದು ರಿಜಿಸ್ಟರ್ರೇ.

ರಾತ್ರಿಪಾಳಿ

ಒಂದು ಡೌಟು. ನಮ್ಮ ಕಂಟ್ರೋಲ್ ರೂಮಲ್ಲಿ ಒಬ್ಬನೇ ಹದಿನಾರು ಸ್ಕ್ರೀನ್ ನೋಡಬೇಕು, ಎಂಟು ಗಂಟೆ. ಏನಾದ್ರೂ ಮಿಸ್ ಆದ್ರೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂರೋಕೆ ಏನು ಕಷ್ಟ ಅಂತಾರೆ. ನಿಜವಾಗ್ಲೂ ಆಗುತ್ತಾ ಅದು?

ಗೇಟ್_ನಂಬರ್_ಮೂರು

ಆಗಲ್ಲ, ಯಾರಿಗೂ ಆಗಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ನೋಡೋ ಸೈನಿಕರು ಯಾಕೆ ಚುಕ್ಕೆ ಕಾಣದೆ ಬಿಡ್ತಾರೆ ಅಂತ ಮ್ಯಾಕ್‌ವರ್ತ್ ಅನ್ನೋ ವಿಜ್ಞಾನಿ ಪರೀಕ್ಷೆ ಮಾಡಿದ್ರು, 1948ರಲ್ಲಿ ಬರೆದ್ರು. ಗಡಿಯಾರದ ಥರ ಒಂದು ಮುಳ್ಳು, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರುತ್ತೆ, ಅದನ್ನ ಹಿಡೀಬೇಕು. ಅರ್ಧ ಗಂಟೆಗೇ ಹಿಡಿಯೋದು ಕಮ್ಮಿ ಆಗ್ತಿತ್ತು. ಆಮೇಲೆ ವುಲ್ಫ್ ಅನ್ನೋರು 2005ರಲ್ಲಿ ಬ್ಯಾಗ್ ಚೆಕಿಂಗ್ ಥರದ ಚಿತ್ರ ತೋರಿಸಿ ನೋಡಿದ್ರು. ಹುಡುಕೋ ವಸ್ತು ಅರ್ಧ ಚಿತ್ರಗಳಲ್ಲಿ ಇದ್ದಾಗ ಜನ ಶೇಕಡಾ 7ರಷ್ಟು ಬಿಟ್ರು, ನೂರರಲ್ಲಿ ಒಂದರಲ್ಲಿ ಮಾತ್ರ ಇದ್ದಾಗ ಶೇಕಡಾ 30. ಅಪರೂಪದ್ದನ್ನ ಕಣ್ಣು ಬಿಟ್ಟುಬಿಡುತ್ತೆ, ಸೋಮಾರಿತನ ಅಲ್ಲ ಅದು. ಅದಕ್ಕೇ ವಿಮಾನ ನಿಲ್ದಾಣದ ಎಕ್ಸ್‌ರೇ ಮೆಷಿನಲ್ಲಿ ಆಗಾಗ ಸುಳ್ಳು ಬಂದೂಕಿನ ಚಿತ್ರ ತೂರಿಸ್ತಾರೆ, ಕಣ್ಣು ಎಚ್ಚರ ಇರಲಿ ಅಂತ. ಅರ್ಧ ಗಂಟೆಗೆ ಆಳು ಬದಲಾಯಿಸಬೇಕು, ಚುಕ್ಕೆ ಬಿದ್ದ ಜಾಗದ ನಾಲ್ಕು ಸ್ಕ್ರೀನ್ ಮುಂದೆ ತರಬೇಕು.

ಕ್ಯಾಮೆರಾ ಹಾಕಿದ್ರೆ ಮುಗೀತು ಅನ್ನೋರಿಗೂ ಒಂದು ಮಾತು. ನಲವತ್ತು ವರ್ಷದ ಅಧ್ಯಯನಗಳನ್ನ ಒಟ್ಟು ಹಾಕಿದ 2019ರ ವರದಿಯಲ್ಲಿ ಕ್ಯಾಮೆರಾದಿಂದ ಅಪರಾಧ ಶೇಕಡಾ 13ರಷ್ಟು ಇಳಿದಿದೆ, ಪಾರ್ಕಿಂಗ್ ಜಾಗದಲ್ಲಿ ಜಾಸ್ತಿ. ಹೊಡೆದಾಟಕ್ಕೆ ಹೇಳಿಕೊಳ್ಳೋ ಪರಿಣಾಮ ಇಲ್ಲ. ಯಾರಾದ್ರೂ ನೋಡ್ತಾ ಇದ್ದು ತಕ್ಷಣ ಆಳು ಕಳಿಸೋ ಕಡೆ ಕೆಲಸ ಮಾಡುತ್ತೆ. ಇಲ್ಲಾಂದ್ರೆ ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಮರುದಿನ ರೆಕಾರ್ಡಿಂಗ್ ನೋಡೋದು.

ಗುಂಪಿನ_ನಡುವೆ

ನಾನು ದೊಡ್ಡ ಸಭೆ ಸಮಾರಂಭಗಳಲ್ಲಿ ಸ್ವಯಂಸೇವಕರಿಗೆ ಗುಂಪು ನಿರ್ವಹಣೆ ಹೇಳಿಕೊಡ್ತೀನಿ. ನನ್ನ ಟ್ರೈನಿಂಗಲ್ಲಿ ಸ್ಲೈಡ್ ಇಲ್ಲ, ಒಂದು ಟೇಪ್ ಇದೆ. ನೆಲದ ಮೇಲೆ ಒಂದು ಮೀಟರ್ ಚೌಕ ಅಂಟಿಸಿ ನಾಲ್ಕು ಜನನ ನಿಲ್ಲಿಸ್ತೀನಿ. ಆರಾಮಾಗಿ ನಿಲ್ತಾರೆ. ಐದು, ಮೈ ತಾಗುತ್ತೆ. ಆರನೆಯವರು ಬಂದಾಗ ಕೈ ಮೇಲೆತ್ತಿ ಅಂತೀನಿ, ಆಗಲ್ಲ. ಮೆಲ್ಲಗೆ ಒಬ್ಬರ ಹೆಗಲು ತಳ್ತೀನಿ, ಆರೂ ಜನ ಒಟ್ಟಿಗೆ ವಾಲ್ತಾರೆ. ಆ ಕ್ಷಣಕ್ಕೆ ಅವರ ಮುಖದಲ್ಲಿ ಅರ್ಥ ಆಗಿದ್ದು ಕಾಣುತ್ತೆ.

ಆ ದಟ್ಟಣೆ ದಾಟಿದ್ರೆ ಜನ ನೀರಿನ ಥರ ಅಲೆಯಾಗಿ ಹರೀತಾರೆ, ಯಾರ ಕೈಲೂ ಇರಲ್ಲ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 97, 2010ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 21, 2022ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಇಟಾವೋನ್‌ನಲ್ಲಿ 159 ಜನ ಹೋದ್ರು. ಇಂಥ ಕಡೆ ಹೆಚ್ಚಿನವರು ಸಾಯೋದು ಎದೆ ಒತ್ತಿ ಉಸಿರು ಕಟ್ಟಿ, ನಿಂತಲ್ಲೇ. ಆದ್ರೆ ಸುದ್ದಿಯಲ್ಲಿ "ಕಾಲ್ತುಳಿತ" ಅಂತ ಬರುತ್ತೆ, ಜನ ಹುಚ್ಚರ ಥರ ಓಡಿದ್ರು ಅನ್ನೋ ಹಾಗೆ. ಆ ಪದ ಬಂದ ಕೂಡ್ಲೇ ತಪ್ಪು ಸತ್ತವರ ಮೇಲೆ ಹೋಗುತ್ತೆ, ಒಳಗೆ ಎಷ್ಟು ಜನನ ಬಿಟ್ರು ಅಂತ ಯಾರೂ ಕೇಳಲ್ಲ. ಹಿಂದಿನವರಿಗೆ ಮುಂದೆ ಏನಾಗ್ತಿದೆ ಅಂತ ಕಾಣಲ್ಲ, ಅದಕ್ಕೇ ಎತ್ತರದಲ್ಲಿ ಒಬ್ಬರು ನಿಂತು ನೋಡ್ತಾ ಇರಬೇಕು, ಅವರ ಒಂದು ಮಾತಿಗೆ ಗೇಟು ಮುಚ್ಚೋ ಅಧಿಕಾರ ಇರಬೇಕು. ಅಧಿಕಾರ ಇಲ್ಲದ ವಾಕಿಟಾಕಿಯಿಂದ ಏನೂ ಆಗಲ್ಲ.

ವಾರ್ಡ್_ಬಾಗಿಲು

ಅಧಿಕಾರ ಅಂದಾಗ ನೆನಪಾಯ್ತು, ಸಮುದಾಯ ಅಂತೀವಲ್ಲ, ಅದರ ಬಗ್ಗೆ ಭಯನೂ ಇದೆ ನಂಗೆ. ನಾನಿರೋ ಕಡೆಯ ವಾಟ್ಸ್ಯಾಪ್ ಗ್ರೂಪಲ್ಲಿ ಹೋದ ತಿಂಗಳು ಒಬ್ಬ ಹುಡುಗನ ಫೋಟೋ ಹಾಕಿ "ಅನುಮಾನಾಸ್ಪದ ವ್ಯಕ್ತಿ, ಎಚ್ಚರ" ಅಂತ ಬರೆದ್ರು. ಅವನು ಅಡ್ರೆಸ್ ಹುಡುಕ್ತಿದ್ದ ಡೆಲಿವರಿ ಹುಡುಗ. ಬಟ್ಟೆ ಹಳೇದಿತ್ತು, ಅಷ್ಟೇ ಅವನ ತಪ್ಪು. ಹತ್ತು ಜನ ಸುತ್ತುವರಿದು ಪ್ರಶ್ನೆ ಕೇಳ್ತಿದ್ರು, ಅವನ ಕೈ ನಡುಗ್ತಾ ಇತ್ತು. ಇದೂ ಸುರಕ್ಷತೆ ಹೆಸರಲ್ಲೇ ಆಗಿದ್ದು.

ಗೇಟ್_ನಂಬರ್_ಮೂರು

ಅಕ್ಕಾ, ನಾನು ಈಗ ಕ್ಲಾಸಲ್ಲಿ ಮೊದಲನೇ ದಿನಾನೇ ಇದನ್ನ ಹೇಳ್ತೀನಿ: ಏನು ಮಾಡ್ತಿದ್ದ ಅಂತ ಬರೀರಿ, ಹೇಗಿದ್ದ ಅಂತ ಬರೀಬೇಡಿ. "ಮೂರು ಬೈಕಿನ ಲಾಕ್ ಎಳೆದು ನೋಡಿದ" ಅನ್ನೋದು ಮಾಹಿತಿ. "ಒಂಥರಾ ಇದ್ದ" ಅನ್ನೋದು ನಮ್ಮ ಪೂರ್ವಗ್ರಹ. ನ್ಯಾಯವಾಗಿ ನಡೆಸ್ಕೊಂಡ್ರು, ಮಾತು ಕೇಳಿಸ್ಕೊಂಡ್ರು ಅಂತ ಜನಕ್ಕೆ ಅನ್ಸಿದ್ರೆ ನಿರ್ಧಾರ ತಮಗೆ ವಿರುದ್ಧ ಬಂದ್ರೂ ಒಪ್ಕೊಳ್ತಾರೆ ಅಂತ ಟಾಮ್ ಟೈಲರ್ ಅನ್ನೋ ಸಂಶೋಧಕರು 1990ರಿಂದ ಹೇಳ್ತಾ ಬಂದಿದಾರೆ. ಗೇಟಲ್ಲಿ ಇದು ದಿನಾ ಕಾಣುತ್ತೆ.

ಆದ್ರೆ ಜನರ ಮೇಲೆ ನಂಬಿಕೆ ಕಳ್ಕೋಬೇಡಿ. ಮೂರು ದೇಶಗಳ 219 ಬೀದಿ ಜಗಳದ ಕ್ಯಾಮೆರಾ ದೃಶ್ಯ ನೋಡಿದ 2019ರ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಜಗಳದಲ್ಲಿ ಅಲ್ಲಿದ್ದವರು ಒಬ್ಬರಾದ್ರೂ ಮುಂದೆ ಬಂದು ಬಿಡಿಸೋಕೆ ನೋಡಿದಾರೆ, ಸುತ್ತ ಜನ ಜಾಸ್ತಿ ಇದ್ದಷ್ಟೂ ಯಾರಾದ್ರೂ ಬರೋ ಸಾಧ್ಯತೆ ಜಾಸ್ತಿ. ಬಿಡಿಸೋಕೆ ಬರೋ ಆ ಒಬ್ಬರಿಗೆ ಹೇಗೆ ಅಂತ ಕಲಿಸಿದ್ರೆ ಸಾಕು.

ಹಳೇ_ಲಾಠಿ

ನಂಗೆ ಒಂದು ಕೆಲಸ ಕೊಡಿ. ಹಳೇ ರಿಜಿಸ್ಟರ್ ಓದೋಕೆ ಟೈಮ್ ಇದೆ, ಕನ್ನಡಕ ಇದೆ. ಚುಕ್ಕೆ ಇಡೋದನ್ನ ಮೇಡಂ ಹೇಳಿಕೊಟ್ರೆ ಕಲೀತೀನಿ.

ಅಂಕಿಅಂಶ_ಓದುಗಿ

ಖಂಡಿತ ಸರ್. ಒಂದು ಮುಂಚೇನೇ ಹೇಳ್ತೀನಿ, ಒಮ್ಮೆ ಕಳವಾದ ಮನೆಗೆ ಮೊದಲು ಚುಕ್ಕೆ ಇಡಿ. ಇಂಗ್ಲೆಂಡಿನ ರಾಚ್‌ಡೇಲ್ ಹತ್ರ ಕರ್ಕ್‌ಹೋಲ್ಟ್ ಅನ್ನೋ ಬಡಾವಣೆಯಲ್ಲಿ 1980ರ ದಶಕದ ಕೊನೆಗೆ ಕಂಡುಕೊಂಡಿದ್ದು, ಒಮ್ಮೆ ಕಳ್ಳ ಹೊಕ್ಕ ಮನೆಗೇ ಮತ್ತೆ ಮತ್ತೆ ಬರ್ತಾನೆ ಅಂತ. ಅಂಥ ಮನೆಗಳಿಗೆ ಚಿಲಕ ಭದ್ರ ಮಾಡಿದ್ರು, ಮನೆಯೊಳಗೆ ದುಡ್ಡು ಹಾಕೋ ಮೀಟರ್ ಪೆಟ್ಟಿಗೆ ತೆಗೆಸಿದ್ರು, ಅಕ್ಕಪಕ್ಕದ ಆರೇಳು ಮನೆಯವರಿಗೆ ಇದೊಂದು ಮನೆ ಮೇಲೆ ಕಣ್ಣಿಡಿ ಅಂದ್ರು. ಮೂರು ವರ್ಷದಲ್ಲಿ ಕಳ್ಳತನ ಶೇಕಡಾ 75 ಇಳೀತು.

ರಾತ್ರಿಪಾಳಿ

ಸುಮಾರು ದಿನ ಆದ್ಮೇಲೆ ಬರೀತಿದೀನಿ. ಈ ಚರ್ಚೆನ ನಮ್ಮ ಸೂಪರ್‌ವೈಸರಿಗೆ ಓದೋಕೆ ಕೊಟ್ಟೆ, ಹೆದರ್ಕೊಂಡೇ ಕೊಟ್ಟೆ. ಏನೂ ಹೇಳಲಿಲ್ಲ. ಮರುದಿನ ಡ್ಯೂಟಿಗೆ ಹೋದ್ರೆ ಟೇಬಲ್ ಮೇಲೆ ಹೊಸ ನೋಟ್‌ಬುಕ್, ಸ್ಕೇಲ್ ಇಟ್ಟು ನಾಲ್ಕು ಗೆರೆ ಎಳೆದಿದ್ರು: ತಾರೀಖು, ಜಾಗ, ಹೊತ್ತು, ಏನು ಕಂಡಿತು. ಹೆಸರಿಗೆ ಜಾಗ ಇಲ್ಲ. ರೌಂಡ್ಸ್ ಪಾಯಿಂಟ್ ಹದಿನೆಂಟರಿಂದ ಹನ್ನೊಂದಕ್ಕೆ ಇಳಿಸಿದಾರೆ, ಮೂರು ಜಾಗದಲ್ಲಿ ಹತ್ತು ನಿಮಿಷ ನಿಲ್ಲೋಕೆ ಬಿಟ್ಟಿದಾರೆ.

ನಿನ್ನೆ ರಾತ್ರಿ ಎರಡೂ ನಲವತ್ತಕ್ಕೆ ಬರೆದೆ: "ಹಿಂದಿನ ಗೇಟಿನ ಚಿಲಕ ಸಡಿಲ ಇದೆ, ಹೊರಗಿಂದ ಕಡ್ಡಿ ಹಾಕಿ ಎತ್ತಬಹುದು, ನಾನೇ ಎತ್ತಿ ನೋಡಿದೆ." ಬೆಳಗ್ಗೆ ಸೂಪರ್‌ವೈಸರ್ ಓದಿ ನನ್ನ ಕಡೆ ನೋಡಿ ಕೇಳಿದ್ರು, ಇದೊಂದೇನಾ, ಇನ್ನೂ ಇದೆಯಾ ಅಂತ. ಇನ್ನೂ ಮೂರಿದೆ ಸರ್ ಅಂದೆ.